ಆಡು, ಅಜ, ಐಕ್ಸ್: ಮೂರೂ ಒಂದೇ ಹಟ್ಟಿಯವೇ?

ಬಯಲುಸೀಮೆಯವನು

ಬಹಳ ದಿನಗಳಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ಅನುಮಾನ. ಕನ್ನಡದಲ್ಲಿ ಆಡು, ಸಂಸ್ಕೃತದಲ್ಲಿ ಅಜ, ಹಳೆಯ ಗ್ರೀಕಿನಲ್ಲಿ ಐಕ್ಸ್. ಮೂರೂ ಸ್ವರದಿಂದ ಶುರುವಾಗುತ್ತವೆ, ಮೂರೂ ಅದೇ ಪ್ರಾಣಿ. ಆಡನ್ನು ಮೊದಲು ಪಳಗಿಸಿದ್ದು ಇರಾನ್, ಟರ್ಕಿ ಕಡೆಯ ಬೆಟ್ಟಗಳಲ್ಲಿ, ಸುಮಾರು 10,000 ವರ್ಷಗಳ ಹಿಂದೆ ಎಂದು ಓದಿದ್ದೇನೆ. ಪ್ರಾಣಿ ಅಲ್ಲಿಂದ ಹೊರಟಿದೆ ಎಂದ ಮೇಲೆ ಹೆಸರೂ ಅದರ ಜೊತೆಯಲ್ಲೇ ಹೊರಟಿರಬೇಕಲ್ಲವೇ? ನಮ್ಮ ಮನೆಯ ಹಿರಿಯರು ಹೇಳುವುದು ಬೇರೆ: ಮರಿಗಳು ಸದಾ ಜಿಗಿದಾಡುತ್ತವೆ, ಆದ್ದರಿಂದ ಅದು ಆಡು. ಎರಡರಲ್ಲಿ ಯಾವುದು ಸರಿ?

ಪದಕೆದಕ

ಎರಡೂ ಅಲ್ಲ. ಹಿರಿಯರ ಮಾತನ್ನೇ ಮೊದಲು ನೋಡೋಣ, ಅದನ್ನು ಪರೀಕ್ಷಿಸುವುದು ಸುಲಭ.

ಆಟ ಆಡುವುದಕ್ಕೆ ತೆಲುಗಿನಲ್ಲೂ ‘ಆಡು’ ಎಂದೇ ಇದೆ. ಹಾಗಾದರೆ ಪ್ರಾಣಿಯ ಹೆಸರೂ ಅಲ್ಲಿ ಆಕಾರದಿಂದಲೇ ಶುರುವಾಗಬೇಕಿತ್ತು. ಆದರೆ ತೆಲುಗರು ಟಗರಿಗೆ ಹೇಳುವುದು ‘ಏಟ’, ‘ಏಡಿಕ’ ಎಂದು. ಜಾರ್ಖಂಡ ಕಡೆಯ ಕುಡುಖ್ ಭಾಷೆಯಲ್ಲಿ ಹೆಣ್ಣಾಡು ‘ಏಡಾ’, ರಾಜಮಹಲ್ ಬೆಟ್ಟಗಳ ಮಾಲ್ತೋದಲ್ಲಿ ‘ಏಡೆ’, ದೂರದ ಬಲೂಚಿಸ್ತಾನದ ಬ್ರಾಹುಈಯಲ್ಲಿ ‘ಹೇಟ್’. ಸಂಗಮ ಕಾಲದ ತಮಿಳಿನಲ್ಲಿ ‘ಯಾಡು’, ಅದು ಮುಂದೆ ‘ಆಡು’ ಆಯಿತು.

ಇದು ಈ ಒಂದು ಪದದ ವಿಚಿತ್ರವಲ್ಲ. ತಮಿಳಿನ ‘ಯಾನೈ’ ಕನ್ನಡದಲ್ಲಿ ‘ಆನೆ’, ತೆಲುಗಿನಲ್ಲಿ ‘ಏನುಗು’. ಹೊಳೆಗೆ ಹಳೆಯ ತಮಿಳಿನಲ್ಲಿ ‘ಯಾಱು’, ಈಗ ‘ಆಱು’, ತೆಲುಗಿನಲ್ಲಿ ‘ಏರು’. ವರ್ಷಕ್ಕೆ ‘ಯಾಂಡು’, ‘ಆಂಡು’, ತೆಲುಗಿನಲ್ಲಿ ‘ಏಡು’. ಈ ಎಲ್ಲ ಭಾಷೆಗಳೂ ಕವಲೊಡೆದ ಮೂಲದ್ರಾವಿಡದಲ್ಲಿ ‘ಯಾ’ ಇದ್ದ ಕಡೆ ನಮ್ಮಲ್ಲಿ ಆ, ತೆಲುಗಿನಲ್ಲಿ ಏ. ಆಡು ಎಂಬ ಹೆಸರು ಈ ಸಾಲಿನಲ್ಲಿ ಬಂದು ನಿಲ್ಲುತ್ತದೆ, ಆಡು ಎಂಬ ಕ್ರಿಯಾಪದ ನಿಲ್ಲುವುದಿಲ್ಲ. ಈಗಿನ ಕನ್ನಡದಲ್ಲಿ ಎರಡೂ ಒಂದೇ ಥರ ಕೇಳಿಸುವುದು ಆಕಸ್ಮಿಕ.

ಸಂಸ್ಕೃತದ ಅಜಕ್ಕೂ ಇದಕ್ಕೂ ನಂಟಿಲ್ಲ. ಅಲ್ಲಿರುವುದು ಜ, ಇಲ್ಲಿರುವುದು ಮೂರ್ಧನ್ಯ ಡ. ಯಾವ ನಿಯಮದ ಕೆಳಗೂ ಒಂದು ಇನ್ನೊಂದಾಗುವುದಿಲ್ಲ.

ತುಳುನಾಡಿನವಳು

ನಮ್ಮ ಮನೆಯಲ್ಲಿ ಇಂದಿಗೂ ‘ಏಡು’ ಎಂದೇ ಹೇಳುತ್ತೇವೆ. ಬೆಂಗಳೂರಿಗೆ ಬಂದ ಹೊಸತರಲ್ಲಿ ಇದು ಕನ್ನಡದ ಆಡಿನ ಅಪಭ್ರಂಶ ಎಂದು ಒಬ್ಬರು ನನಗೆ ಪಾಠ ಹೇಳಿದ್ದರು. ಕುಡುಖ್ ಮಾತನಾಡುವವರಿಗೂ ನಮಗೂ ಒಂದೇ ಸ್ವರ ಎಂದು ತಿಳಿದು ಬಹಳ ಸಂತೋಷವಾಯಿತು.

ಸಂಸ್ಕೃತ ಮೇಷ್ಟ್ರು

ಪದಕೆದಕ ಅವರು ಹೇಳಿದ್ದು ಸರಿ, ಆದರೆ ನಂಟೇ ಇಲ್ಲ ಎಂದು ಬಾಗಿಲು ಹಾಕಬೇಡಿ. ನಂಟು ಬೇರೆ ದಾರಿಯಲ್ಲಿದೆ. ಅಮರಕೋಶದಲ್ಲಿ ಟಗರಿನ ಹೆಸರುಗಳ ಸಾಲು ಹೀಗಿದೆ: ಮೇಢ್ರ, ಉರಭ್ರ, ಉರಣ, ಊರ್ಣಾಯು, ಮೇಷ, ವೃಷ್ಣಿ, ಏಡಕ. ಕೊನೆಯ ಏಡಕವನ್ನು ಗಮನಿಸಿ. ಪಾಳಿಯಲ್ಲಿ ಇದು ‘ಏಳಕ’. ತೆಲುಗಿನ ಏಡಿಕದ ಪಕ್ಕದಲ್ಲಿ ಇಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ. ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದ ಇದು ಎಂದು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಅದೇ ಸಾಲಿನ ಊರ್ಣಾಯು ಎಂದರೆ ಉಣ್ಣೆಯುಳ್ಳದ್ದು. ಊರ್ಣಾ ಎಂಬುದು ಪ್ರಾಕೃತದಲ್ಲಿ ಉಣ್ಣಾ ಆಗಿ ನಮ್ಮ ಉಣ್ಣೆಯಾಯಿತು. ಲ್ಯಾಟಿನ್ ‘ಲಾನಾ’, ಇಂಗ್ಲಿಷಿನ ‘ವುಲ್’, ಪ್ರಾಚೀನ ಟರ್ಕಿಯ ಹಿಟ್ಟೈಟ್ ಭಾಷೆಯ ‘ಹುಲನ’ ಎಲ್ಲವೂ ಇದರ ದಾಯಾದಿಗಳು. ಕಂಬಳಿ ಹೊದೆಯುವವರಿಗೆ ಇಷ್ಟಾದರೂ ಗೊತ್ತಿರಲಿ.

ಬಯಲುಸೀಮೆಯವನು

ಆಡು ಬಿಡೋಣ. ಅಜ ಮತ್ತು ಐಕ್ಸ್? ಅವೆರಡೂ ಒಂದೇ ಕುಟುಂಬದ ಭಾಷೆಗಳಲ್ಲವೇ?

ಪದಕೆದಕ

ಕುಟುಂಬ ಒಂದೇ, ಅದಕ್ಕೆ ಇಂಡೋ-ಯುರೋಪಿಯನ್ ಎನ್ನುತ್ತಾರೆ, ಆದರೆ ಇಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಕುರಿಗೂ ಆಡಿಗೂ ಇರುವ ವ್ಯತ್ಯಾಸ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಇಲ್ಲೇ.

ಕುರಿಯ ಪದ ಗಟ್ಟಿ. ಸಂಸ್ಕೃತ ಅವಿ, ಲ್ಯಾಟಿನ್ ಓವಿಸ್, ಗ್ರೀಕ್ ಓಇಸ್, ಲಿಥುವೇನಿಯನ್ ಅವಿಸ್, ಇಂಗ್ಲಿಷಿನಲ್ಲಿ ಹೆಣ್ಣುಕುರಿಗೆ ಇರುವ ‘ಯೂ’. ಒಂದೇ ಮೂಲಕ್ಕೆ ಎಲ್ಲವೂ ನೇರವಾಗಿ ಹೋಗುತ್ತವೆ. ಈ ಪದದ ಹಿಂದೆ ಒಂದು ಕಥೆಯೂ ಇದೆ. ಆಗಸ್ಟ್ ಶ್ಲೈಖರ್ ಎಂಬ ಜರ್ಮನ್ ಭಾಷಾಶಾಸ್ತ್ರಜ್ಞ 1868ರಲ್ಲಿ, ಈ ಕುಟುಂಬವೆಲ್ಲ ಕವಲೊಡೆದ, ಯಾರೂ ಬರೆದಿಡದ ಮೂಲಭಾಷೆಯಲ್ಲಿ ತಾನೇ ಒಂದು ನೀತಿಕಥೆ ಕಟ್ಟಿದ. ಉಣ್ಣೆ ಕಳೆದುಕೊಂಡ ಕುರಿಯೊಂದು ಭಾರ ಎಳೆಯುವ ಕುದುರೆಗಳನ್ನು ನೋಡಿ ಮರುಗುತ್ತದೆ. ಕುದುರೆಗಳು, ‘ನಿನ್ನ ಉಣ್ಣೆಯಿಂದ ಮನುಷ್ಯ ಬೆಚ್ಚಗೆ ಉಡುಪು ಮಾಡಿಕೊಂಡಿದ್ದಾನೆ, ಮೊದಲು ನಿನ್ನ ಗತಿ ನೋಡಿಕೋ’ ಎನ್ನುತ್ತವೆ. ಕುರಿ ಬಯಲಿಗೆ ಓಡಿಹೋಗುತ್ತದೆ. ಅವನು ಬರೆದ ಮೊದಲ ಪದ ‘ಅವಿಸ್’. ನೋಡಿದರೆ ಸಂಸ್ಕೃತವೇ ಅನ್ನಿಸುತ್ತದೆ, ಏಕೆಂದರೆ ಆ ಕಾಲದವರಿಗೆ ಮೂಲಭಾಷೆ ಸಂಸ್ಕೃತದ ಹತ್ತಿರದಲ್ಲೇ ಇದ್ದಿರಬೇಕು ಎಂಬ ನಂಬಿಕೆ.

1879ರಲ್ಲಿ ಫೆರ್ಡಿನಾಂಡ್ ದ ಸೊಸ್ಯೂರ್ ಎಂಬ ಹುಡುಗ, ವಯಸ್ಸು ಇಪ್ಪತ್ತರ ಆಸುಪಾಸು, ಆ ಮೂಲಭಾಷೆಯಲ್ಲಿ, ಆಗ ತಿಳಿದಿದ್ದ ಯಾವ ಭಾಷೆಯಲ್ಲೂ ಉಳಿಯದೆ ಮಾಯವಾದ ಕೆಲವು ಧ್ವನಿಗಳು ಇದ್ದಿರಬೇಕು ಎಂದು ಬರೀ ಲೆಕ್ಕದಿಂದ ಹೇಳಿದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1915ರಲ್ಲಿ ಚೆಕ್ ವಿದ್ವಾಂಸ ಹ್ರೋಜ್ನಿ ಹಿಟ್ಟೈಟ್ ಭಾಷೆಯ ಒಗಟನ್ನು ಬಿಡಿಸಿದ. 1927ರಲ್ಲಿ ಪೋಲೆಂಡಿನ ಕುರಿಲೋವಿಚ್, ಸೊಸ್ಯೂರ್ ಊಹಿಸಿದ ಧ್ವನಿ ಹಿಟ್ಟೈಟ್‌ನಲ್ಲಿ ‘ಹ’ ಆಗಿ ಕುಳಿತಿದೆ ಎಂದು ತೋರಿಸಿದ. ಹಿಟ್ಟೈಟ್‌ನ ಸೋದರಭಾಷೆ ಲೂವಿಯನ್‌ನಲ್ಲಿ ಕುರಿಗೆ ‘ಹಾವಿ’, ನೈಋತ್ಯ ಟರ್ಕಿಯ ಲಿಸಿಯನ್‌ನಲ್ಲಿ ‘ಖವ’. ಅಂದರೆ ಅವಿ ಎಂಬ ಪದದ ಆರಂಭದಲ್ಲಿ ಒಂದು ವ್ಯಂಜನವಿತ್ತು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಅದನ್ನು ನುಂಗಿಹಾಕಿದವು. ‘ಸ್ವರದಿಂದ ಶುರುವಾಗುತ್ತವೆ, ಆದ್ದರಿಂದ ಬಂಧುಗಳು’ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು. ಆ ಸ್ವರ ಅಲ್ಲಿ ಮೊದಲ ಅಕ್ಷರವೇ ಆಗಿರಲಿಲ್ಲ.

ಇನ್ನು ಆಡು. ಅಜ ಮತ್ತು ಲಿಥುವೇನಿಯನ್ ‘ಓಜೀಸ್’ ಒಂದು ಗುಂಪು. ಗ್ರೀಕ್ ಐಕ್ಸ್, ಅರ್ಮೇನಿಯನ್ ‘ಐತ್ಸ್’ ಇನ್ನೊಂದು. ಎರಡರ ನಡುವೆ ಒಂದು ಇಕಾರ ಅಡ್ಡ ನಿಲ್ಲುತ್ತದೆ, ಅದಕ್ಕೆ ಒಪ್ಪುವಂಥ ಕಾರಣ ಸಿಕ್ಕಿಲ್ಲ. ಲ್ಯಾಟಿನ್ ‘ಕಾಪೆರ್’ ಮತ್ತು ಹಳೆಯ ನಾರ್ಸ್ ‘ಹಾಫ್ರ್’ ಮೂರನೆಯ ಗುಂಪು. ಅದೇ ಪದ ಗ್ರೀಕಿನಲ್ಲಿ ‘ಕಾಪ್ರೋಸ್’, ಆದರೆ ಅರ್ಥ ಕಾಡುಹಂದಿ! ಇಂಗ್ಲಿಷಿನ ‘ಗೋಟ್’ ಮತ್ತು ಲ್ಯಾಟಿನ್‌ನಲ್ಲಿ ಮರಿಗೆ ಇರುವ ‘ಹೇದುಸ್’ ನಾಲ್ಕನೆಯದು. ಪರ್ಷಿಯನ್ ‘ಬುಜ್’, ಇಂಗ್ಲಿಷಿನ ‘ಬಕ್’ ಐದನೆಯದು. ಕುರಿಗೆ ಇಡೀ ಕುಟುಂಬಕ್ಕೆ ಒಂದೇ ಪದ, ಆಡಿಗೆ ಓಣಿಗೊಂದು. ಈ ಆಡಿನ ಪದಗಳಲ್ಲಿ ಕೆಲವು ಬೇರೆ ಯಾವುದೋ ಅಳಿದುಹೋದ ಭಾಷೆಗಳಿಂದ ಬಂದವು ಎಂದು ಅನುಮಾನಿಸುವ ವಿದ್ವಾಂಸರಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ.

ಸಂಸ್ಕೃತ ಮೇಷ್ಟ್ರು

ಅಜಕ್ಕೆ ಎರಡು ವ್ಯುತ್ಪತ್ತಿಗಳು ನಮ್ಮಲ್ಲಿ ಪ್ರಸಿದ್ಧ. ಒಂದು ‘ಅಜ್’ ಧಾತು, ಓಡಿಸು ಎಂಬ ಅರ್ಥ. ಇನ್ನೊಂದು ‘ಅ-ಜ’, ಹುಟ್ಟಿಲ್ಲದ್ದು. ಎರಡನೆಯದು ಬರೀ ಶ್ಲೇಷೆ, ಆದರೆ ಅದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಯಜ್ಞಕ್ಕೆ ‘ಅಜ’ ಬೇಕು ಎಂಬ ಶ್ರುತಿಯ ಅರ್ಥದ ಬಗ್ಗೆ ದೇವತೆಗಳಿಗೂ ಋಷಿಗಳಿಗೂ ವಾದ ಹತ್ತುತ್ತದೆ. ದೇವತೆಗಳು ಆಡು ಎನ್ನುತ್ತಾರೆ, ಋಷಿಗಳು ಬೀಜ ಎನ್ನುತ್ತಾರೆ. ತೀರ್ಪು ಕೊಡಲು ಬಂದ ಉಪರಿಚರ ವಸು ದೇವತೆಗಳ ಪರ ವಾಲಿ ಆಕಾಶದಿಂದ ನೆಲಕ್ಕೆ ಬೀಳುತ್ತಾನೆ. ಜೈನ ಪುರಾಣಗಳಲ್ಲಿ ಇದೇ ವಸುವಿನ ಮುಂದೆ ನಾರದ ಮತ್ತು ಪರ್ವತ ವಾದಿಸುತ್ತಾರೆ, ಅಲ್ಲಿ ಅಜ ಎಂದರೆ ಮತ್ತೆ ಮೊಳೆಯದ ಹಳೆಯ ಧಾನ್ಯ. ಒಂದು ಪದದ ವ್ಯುತ್ಪತ್ತಿಯ ಮೇಲೆ ಪ್ರಾಣಿಯ ಜೀವ ನಿಂತಿದ್ದ ಕಾಲ ಅದು.

ಪದಕೆದಕ

ಬಯಲುಸೀಮೆಯವರ ಮನೆಯ ಹಿರಿಯರು ಒಬ್ಬಂಟಿಯಲ್ಲ ಎಂದೂ ಹೇಳಬೇಕು. ಹಳೆಯ ಗ್ರೀಕ್ ವೈಯಾಕರಣರೂ ಐಕ್ಸ್ ಪದವನ್ನು ಜಿಗಿ, ನುಗ್ಗು ಎಂಬ ಕ್ರಿಯಾಪದದಿಂದಲೇ ತೆಗೆದಿದ್ದರು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮಿನ ವಾರೋ, ಲ್ಯಾಟಿನ್ ‘ಕಾಪ್ರಾ’ ಪದವನ್ನು ‘ಕಾರ್ಪೆರೆ’, ಅಂದರೆ ಕಿತ್ತು ಮೇಯುವುದು, ಎಂಬುದಕ್ಕೆ ಜೋಡಿಸಿದ. ಅದಕ್ಕೆ ಆಧಾರವಾಗಿ ಆಡುಗಳಿಗೆ ‘ಓಮ್ನಿಕಾರ್ಪೇ’ ಎಂಬ ವಿಶೇಷಣ ಕೊಡುತ್ತಾನೆ. ಎಲ್ಲವನ್ನೂ ಕೀಳುವವು ಎಂದರ್ಥ. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಾವು ಹೇಳುವುದನ್ನು ಆತ ಒಂದೇ ಪದದಲ್ಲಿ ಹೇಳಿದ್ದಾನೆ. ವ್ಯುತ್ಪತ್ತಿ ತಪ್ಪು, ಆಡಿನ ವರ್ಣನೆ ಮಾತ್ರ ಅಕ್ಷರಶಃ ನಿಜ.

ಚೆನ್ನೈ ಕನ್ನಡಿಗ

ಇಲ್ಲಿ ನನಗೆ ಬೇರೆಯದೇ ಗೊಂದಲ. ತಮಿಳಿನಲ್ಲಿ ಬರೀ ‘ಆಡು’ ಎಂದರೆ ಆಡೂ ಹೌದು, ಕುರಿಯೂ ಹೌದು. ಬಿಡಿಸಿ ಹೇಳಬೇಕಾದರೆ ಆಡಿಗೆ ‘ವೆಳ್ಳಾಡು’, ಕುರಿಗೆ ‘ಸೆಮ್ಮರಿಯಾಡು’. ಮಾಂಸದ ಅಂಗಡಿಯಲ್ಲಿ ಮನೆಯವಳು ಪ್ರತಿ ಬಾರಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಕನ್ನಡದಲ್ಲಿ ಈ ಕಷ್ಟ ಏಕಿಲ್ಲ?

ಪದಕೆದಕ

ನಮ್ಮಲ್ಲಿ ‘ಕುರಿ’ ಎಂಬ ಬೇರೆ ಪದ ಗಟ್ಟಿಯಾಗಿ ನಿಂತಿತು. ಹಳಗನ್ನಡದಲ್ಲಿ ಅದು ಕುಱಿ. ತೆಲುಗಿನ ‘ಗೊಱ್ಱೆ’ ಇದರ ಬಳಗ. ಹಳೆಯ ತಮಿಳಿನಲ್ಲೂ ‘ಕೊಱಿ’ ಇತ್ತು, ಬಳಕೆಯಲ್ಲಿ ಹಿಂದೆ ಸರಿಯಿತು. ನಿಮ್ಮ ಸೆಮ್ಮರಿಯಲ್ಲಿರುವ ‘ಮಱಿ’ ನಮ್ಮ ಮರಿಯೇ.

ಒಂದೇ ಪದದಲ್ಲಿ ಎರಡೂ ಪ್ರಾಣಿಗಳನ್ನು ಹಿಡಿಯುವುದು ತಮಿಳಿನ ವೈಶಿಷ್ಟ್ಯವೇನಲ್ಲ. ಚೀನೀ ಭಾಷೆಯ ‘ಯಾಂಗ್’ ಹಾಗೆಯೇ. ಬೆಟ್ಟದ ಯಾಂಗ್ ಎಂದರೆ ಆಡು, ತುಪ್ಪಳದ ಯಾಂಗ್ ಎಂದರೆ ಕುರಿ. ಅವರ ಪಂಚಾಂಗದ ಆ ವರ್ಷವನ್ನು ಕೆಲವರು ಕುರಿಯ ವರ್ಷ, ಕೆಲವರು ಆಡಿನ ವರ್ಷ ಎಂದು ಅನುವಾದಿಸುವುದು ಇದರಿಂದಲೇ. ಹೀಬ್ರೂವಿನ ‘ತ್ಸೋನ್’ ಎಂದರೆ ಎರಡೂ ಬೆರೆತ ಹಿಂಡು. ಆದರೆ ಅದರ ಸೋದರಪದವಾದ ಅರಬ್ಬಿಯ ‘ದ್ವಾನ್’ ಕುರಿಗೆ ಮಾತ್ರ ಮೀಸಲು. ಆಡಿಗೆ ಸೆಮಿಟಿಕ್ ಭಾಷೆಗಳಲ್ಲಿ ಒಂದು ಒಳ್ಳೆಯ ಒಕ್ಕೂಟವೇ ಇದೆ: ಪ್ರಾಚೀನ ಇರಾಕಿನ ಅಕ್ಕಾಡಿಯನ್ ‘ಎನ್ಜು’, ಹೀಬ್ರೂ ‘ಏಜ್’, ಅರಬ್ಬಿ ‘ಅನ್ಜ್’. ಇಂಡೋ-ಯುರೋಪಿಯನ್ನರ ಕುರಿ ಎಷ್ಟು ಗಟ್ಟಿಯೋ ಸೆಮಿಟಿಕ್ ಜನರ ಆಡು ಅಷ್ಟೇ ಗಟ್ಟಿ.

ನಮ್ಮಲ್ಲೂ ಎರಡನ್ನು ಜೋಡಿಸಿ ಹೇಳುವ ರೂಢಿ ಹಳೆಯದು. ‘ತಸ್ಮಾಜ್ಜಾತಾ ಅಜಾವಯಃ’ ಎಂದು ಪುರುಷಸೂಕ್ತವನ್ನು ಪ್ರತಿದಿನ ಹೇಳುವವರು ಎಷ್ಟು ಜನ ಅಲ್ಲಿ ಆಡುಕುರಿಗಳು ಹಾದುಹೋದದ್ದನ್ನು ಗಮನಿಸಿದ್ದೀರೋ ಗೊತ್ತಿಲ್ಲ. ಅಜ, ಅವಿ ಎರಡೂ ಸೇರಿ ‘ಅಜಾವಿ’.

ಉತ್ಖನನದವಳು

ಪುರಾತತ್ವ ಓದುತ್ತಿರುವವಳು ನಾನು, ಹೊರಗಿನಿಂದ ಒಂದು ಮಾತು. ಪದಗಳಿಗಷ್ಟೇ ಅಲ್ಲ, ಮೂಳೆಗಳಿಗೂ ಇದೇ ಸಂಕಟ. ಬದುಕಿದ್ದಾಗ ಬಾಲ ಮೇಲಕ್ಕಿದ್ದರೆ ಆಡು, ಕೆಳಕ್ಕೆ ಜೋತಿದ್ದರೆ ಕುರಿ ಎಂದು ಯಾರು ಬೇಕಾದರೂ ಹೇಳಬಹುದು. ವರ್ಣತಂತುಗಳೂ ಬೇರೆ, ಆಡಿಗೆ 60, ಕುರಿಗೆ 54. ಆದರೆ ನೆಲದಿಂದ ಸಿಗುವುದು ಮುರಿದ ಮೂಳೆಯ ಚೂರು. ಅವೆರಡನ್ನೂ ಬೇರ್ಪಡಿಸುವ ಗುರುತುಗಳನ್ನು ಜರ್ಮನಿಯ ಬೋಸ್ನೆಕ್ 1969ರಲ್ಲಿ ಪಟ್ಟಿ ಮಾಡಿಕೊಟ್ಟ ಮೇಲೂ ನಮ್ಮ ವರದಿಗಳಲ್ಲಿ ‘ಕುರಿ ಅಥವಾ ಆಡು’ ಎಂಬ ಕಲಂ ಇದ್ದೇ ಇರುತ್ತದೆ.

ದಕ್ಷಿಣ ಭಾರತದಲ್ಲಿ ಈ ಎರಡು ಸಾಕುಪ್ರಾಣಿಗಳ ಕಾಡುಪೂರ್ವಜರು ಇರಲಿಲ್ಲ. ನೀಲಗಿರಿ ಕಡೆಯ ‘ವರೆಯಾಡು’ ಹೆಸರಿಗೆ ಆಡು, ಬೆಟ್ಟದ ಆಡು ಎಂದರ್ಥ, ಆದರೆ ಸಾಕಿದ ಆಡು ಅದರಿಂದ ಬಂದದ್ದಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಆಡು ಸಾಕಣೆ ಬಹಳ ಹಳೆಯದು. ನಮ್ಮ ಸಂಗನಕಲ್ಲು, ಬೂದಿಹಾಳದಂಥ ನವಶಿಲಾಯುಗದ ನೆಲೆಗಳಲ್ಲಿ ದನದ ಮೂಳೆಯೇ ಹೆಚ್ಚು, ಜೊತೆಗೆ ಕುರಿ, ಆಡಿನವೂ ಸಿಗುತ್ತವೆ. ಪ್ರಾಣಿ ವಾಯವ್ಯದಿಂದ ಬಂತು ಎಂಬುದರಲ್ಲಿ ಅನುಮಾನವಿಲ್ಲ. ಹಾಗಾದರೆ ಪದ?

ಪದಕೆದಕ

ಬ್ರಾಹುಈಯಿಂದ ತಮಿಳಿನವರೆಗೆ ದೂರದೂರದ ಶಾಖೆಗಳಲ್ಲಿ ಅದೇ ಪದವಿದೆ. ಆದ್ದರಿಂದ ಮೂಲದ್ರಾವಿಡ ಭಾಷೆ ಕವಲೊಡೆಯುವ ಮೊದಲೇ ಆ ಜನರಿಗೆ ಈ ಪ್ರಾಣಿ ಗೊತ್ತಿತ್ತು. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಇದಕ್ಕಿಂತ ಮುಂದೆ ಹೋದವರು ಭಾಷಾಶಾಸ್ತ್ರಜ್ಞ ಡೇವಿಡ್ ಮೆಕ್ಆಲ್ಪಿನ್. ನೈಋತ್ಯ ಇರಾನಿನ ಪ್ರಾಚೀನ ಎಲಮೈಟ್ ಭಾಷೆಯೂ ದ್ರಾವಿಡವೂ ಒಂದೇ ಮೂಲದವು ಎಂದು ಅವರು ವಾದಿಸಿದರು, 1981ರಲ್ಲಿ ವಿಸ್ತಾರವಾಗಿ ಬರೆದರು. ಎಲಮೈಟ್‌ನಲ್ಲಿ ಆಡುಕುರಿಗೆ ಸಂಬಂಧಿಸಿದ ‘ಹಿದು’ ಎಂಬ ಪದವನ್ನು ಬ್ರಾಹುಈಯ ‘ಹೇಟ್’ ಪಕ್ಕದಲ್ಲಿ ಇಡಲಾಗಿದೆ. ಕೇಳಲು ಆಕರ್ಷಕ. ಆದರೆ ಭದ್ರಿರಾಜು ಕೃಷ್ಣಮೂರ್ತಿಯವರಂಥ ದ್ರಾವಿಡ ವಿದ್ವಾಂಸರು ಇಡೀ ವಾದವನ್ನು ಒಪ್ಪಲಿಲ್ಲ. ಒಂದು ಆಡಿನ ಬಾಲ ಹಿಡಿದು ಎರಡು ಭಾಷಾಕುಟುಂಬಗಳನ್ನು ಎಳೆದು ತರಲಾಗದು. ಸಾಲುಸಾಲಾಗಿ ನಿಯಮಗಳು ಬೇಕು.

ಹಟ್ಟಿ ಹುಡುಗ

ನಮ್ಮದು ಕುರಿ ಸಾಕುವ ಮನೆ. ಅಪ್ಪ ಬೇಸಿಗೆಯಲ್ಲಿ ಊರೂರು ಸುತ್ತಿ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ನೀವೆಲ್ಲ ಆಡು, ಕುರಿ ಎಂಬ ಎರಡೇ ಪದಗಳಲ್ಲಿ ಸುತ್ತುತ್ತಿದ್ದೀರಿ. ಹಟ್ಟಿಯಲ್ಲಿ ನಾವು ಹಾಗೆ ಹೇಳುವುದೇ ಕಡಿಮೆ. ಟಗರು, ಹೋತ, ಮರಿ, ಹೀಗೆ ಗಂಡು ಹೆಣ್ಣು, ವಯಸ್ಸು ನೋಡಿ ಹೆಸರು. ಹಳೆಯ ಭಾಷೆಗಳಲ್ಲಿ ಇವು ಇರಲಿಲ್ಲವೇ?

ಪದಕೆದಕ

ತಮ್ಮಾ, ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ನಿನ್ನದು. ಬರಹ ಹುಟ್ಟಿದ್ದೇ ನಿನ್ನ ಅಪ್ಪನಂಥವರ ಲೆಕ್ಕ ಇಡಲು. ಇರಾಕಿನ ಉರುಕ್‌ನಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಗಳಲ್ಲಿ ಕುರಿಯ ಗುರುತು ಒಂದು ವೃತ್ತ, ಅದರೊಳಗೆ ಕೂಡು ಗೆರೆ. ಅದನ್ನು ಅಲ್ಲಿನ ಪ್ರಾಚೀನ ಭಾಷೆಯಾದ ಸುಮೇರಿಯನ್ನಿನಲ್ಲಿ ‘ಉದು’ ಎಂದು ಓದುತ್ತಾರೆ. (ಇದಕ್ಕೂ ಏಡುವಿಗೂ ನಂಟು ಹಚ್ಚಲು ಯಾರಾದರೂ ಹೊರಟರೆ ಮೇಲಿನ ನನ್ನ ಉತ್ತರಗಳನ್ನು ಮೊದಲು ಓದಿ.) ಹೆಣ್ಣುಕುರಿಗೆ ‘ಉ’, ಕುರಿಮರಿಗೆ ‘ಸಿಲ’, ಹೆಣ್ಣಾಡಿಗೆ ‘ಉಜ್’, ಆಡಿನ ಮರಿಗೆ ‘ಮಾಶ್’. ಬಡ್ಡಿಗೂ ಅವರು ‘ಮಾಶ್’ ಎಂದೇ ಹೇಳುತ್ತಿದ್ದರು. ಮಂದೆ ಸಾಲ ಕೊಟ್ಟರೆ ಮರಿಯೇ ಬಡ್ಡಿಯಾಗುವ ಲೋಕದಲ್ಲಿ ಅದು ಸಹಜ. ಗ್ರೀಕಿನ ‘ತೋಕೊಸ್’ ಕೂಡ ಹೀಗೆಯೇ, ಸಂತಾನವೂ ಹೌದು, ಬಡ್ಡಿಯೂ ಹೌದು.

ವಯಸ್ಸಿನ ವಿಷಯಕ್ಕೆ ಬಂದರೆ ಗ್ರೀಕಿನ ‘ಖಿಮೈರಾ’ ನೋಡು. ಪುರಾಣದಲ್ಲಿ ಸಿಂಹದ ತಲೆ, ಆಡಿನ ನಡು, ಹಾವಿನ ಬಾಲದ ಭಯಂಕರ ಪ್ರಾಣಿ. ಪದದ ಅರ್ಥ ಮಾತ್ರ ಒಂದು ಚಳಿಗಾಲ ಕಂಡ ಹೆಣ್ಣಾಡು. ಅದರೊಳಗಿರುವುದು ನಮ್ಮ ‘ಹಿಮ’ದ ಸೋದರಪದ. ವೇದದಲ್ಲಿ ‘ಶತಂ ಹಿಮಾಃ’ ಎಂದರೆ ನೂರು ಚಳಿಗಾಲ, ಅಂದರೆ ನೂರು ವರ್ಷ. ವತ್ಸ ಮತ್ತು ವತ್ಸರವೂ ಇದೇ ರೀತಿಯ ಜೋಡಿ.

ಹೋತ ಹಳಗನ್ನಡದಲ್ಲಿ ‘ಪೋತು’. ತೆಲುಗಿನಲ್ಲಿ ‘ಪೋತು’ ಎಂದರೆ ಯಾವ ಪ್ರಾಣಿಯದಾದರೂ ಗಂಡು. ಪಕಾರ ಹಕಾರವಾದಾಗ ನಮ್ಮಲ್ಲಿ ಅದು ಆಡಿಗಷ್ಟೇ ಉಳಿಯಿತು. ಟಗರು ತಮಿಳಿನಲ್ಲಿ ‘ತಗರ್’, ಹಳಗನ್ನಡದಲ್ಲೂ ತಗರ್.

ಸಂಸ್ಕೃತ ಮೇಷ್ಟ್ರು

ಮರಿ ಎಂದಾಗ ಉರಣ ನೆನಪಾಯಿತು. ಶತಪಥ ಬ್ರಾಹ್ಮಣದಲ್ಲಿ ಊರ್ವಶಿಯ ಮಂಚಕ್ಕೆ ಎರಡು ಮರಿಗಳಿದ್ದ ಕುರಿಯೊಂದನ್ನು ಕಟ್ಟಿರುತ್ತಾರೆ. ಗಂಧರ್ವರು ಮರಿ ಕದ್ದದ್ದೇ ಪುರೂರವನ ವಿರಹಕ್ಕೆ ಕಾರಣ. ಆ ‘ಉರಣ’ದ ಬಳಗ ಗ್ರೀಕಿನ ‘ಅರೇನ್’, ಅರ್ಮೇನಿಯನ್ನಿನ ‘ಗಾರ್ನ್’, ಪರ್ಷಿಯನ್ನಿನ ‘ಬರ್ರಾ’. ಎಲ್ಲದರ ಅರ್ಥ ಕುರಿಮರಿ. ನೋಡಿ, ಒಂದಕ್ಕೊಂದು ಕೇಳಲು ಹೋಲುವುದೇ ಇಲ್ಲ, ಆದರೂ ಖಚಿತ ಬಂಧುಗಳು.

ಬಯಲುಸೀಮೆಯವನು

ಸರಿ, ಮೇಕೆ? ಅದಾದರೂ ‘ಮೇ’ ಎಂದು ಕೂಗುವುದರಿಂದ ಬಂದಿದೆ ಎಂದು ಒಪ್ಪುತ್ತೀರಾ, ಅದನ್ನೂ ಕಿತ್ತುಕೊಳ್ಳುತ್ತೀರಾ?

ಪದಕೆದಕ

ಕಿತ್ತುಕೊಳ್ಳುವುದಿಲ್ಲ. ಮೇಕೆ, ತೆಲುಗಿನ ಮೇಕ ಎರಡೂ ಕೂಗಿನ ಅನುಕರಣೆ ಇರಬಹುದು. ಮೇಯು ಎಂಬ ಕ್ರಿಯಾಪದದಿಂದ ತೆಗೆಯುವವರೂ ಇದ್ದಾರೆ, ನನಗೆ ಕೂಗೇ ಹೆಚ್ಚು ಹಿಡಿಸುತ್ತದೆ. ಆದರೆ ಅನುಕರಣೆಯ ಪದಗಳಿಂದ ನಂಟು ಹೇಳಲು ಬರುವುದಿಲ್ಲ, ಏಕೆಂದರೆ ಆಡು ಎಲ್ಲ ದೇಶಗಳಲ್ಲೂ ಒಂದೇ ಥರ ಕೂಗುತ್ತದೆ.

ಇದರಿಂದ ಬೇರೆ ಒಂದು ಉಪಕಾರವಾಗಿದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಕ್ರತೀನೋಸ್ ಎಂಬ ಗ್ರೀಕ್ ನಾಟಕಕಾರ, ದಡ್ಡನೊಬ್ಬ ಕುರಿಯ ಹಾಗೆ ‘ಬೇ ಬೇ’ ಎನ್ನುತ್ತಾ ಹೋಗುತ್ತಾನೆ ಎಂದು ಬರೆದ. ಇಂದಿನ ಗ್ರೀಕ್ ಉಚ್ಚಾರಣೆಯಲ್ಲಿ ಅದೇ ಅಕ್ಷರಗಳನ್ನು ಓದಿದರೆ ‘ವೀ ವೀ’ ಎಂದಾಗುತ್ತದೆ. ಯಾವ ಕುರಿಯೂ ವೀ ಎಂದು ಕೂಗುವುದಿಲ್ಲ. ಹಳೆಯ ಗ್ರೀಕರು ಆ ಸ್ವರವನ್ನು ಏಕಾರವಾಗಿ ಉಚ್ಚರಿಸುತ್ತಿದ್ದರು ಎಂಬುದಕ್ಕೆ ಇವತ್ತಿಗೂ ಕೊಡುವ ಸಾಕ್ಷಿ ಆ ಕುರಿಯದೇ.

ಹಟ್ಟಿ ಹುಡುಗ

ಅಪ್ಪನಿಗೆ ಇದನ್ನು ಓದಿ ಹೇಳಿದೆ. ಸುಮೇರಿಯನ್ನರ ಬಡ್ಡಿಯ ವಿಷಯ ಕೇಳಿ, ಮರಿ ಸತ್ತರೆ ಬಡ್ಡಿ ಮಾಫಿಯೋ ಇಲ್ಲವೋ ವಿಚಾರಿಸು ಎಂದರು.